ನಮ್ಮ ಬೀದಿಗೆ ಕೆಲಸ ತಂದ ಆಪಾ

ನಮ್ಮ ಬೀದಿಯ ಊದುಬತ್ತಿ ಕೆಲಸವನ್ನು ವಿಯೆಟ್ನಾಮಿನವರು ಕದ್ದುಕೊಂಡು ಹೋದರು ಅನ್ನುವುದು ಸುಳ್ಳು. ನಮಗೂ ಅದು ಬೇರೆ ಹೆಂಗಸರ ಕೈಯಿಂದ ಕಿತ್ತುಕೊಂಡೇ ಬಂದದ್ದು. ಬಂದಾಗ ಒಬ್ಬಟ್ಟು ಮಾಡಿ ತಿಂದೆವು, ಹೋದಾಗ ಎದೆ ಬಡಿದುಕೊಂಡೆವು. ನಡೆದದ್ದು ಅಷ್ಟೇ. ಇದನ್ನು ನಮ್ಮ ಮುಖಕ್ಕೆ ಹೇಳಿದವಳು ಆಪಾ ಒಬ್ಬಳೇ. ಹೇಳಿದ ತಪ್ಪಿಗೆ ಬೀದಿಯ ಹೆಂಗಸರು ಅವಳ ಮನೆ ಮುಂದೆ ಹಾದುಹೋಗುವಾಗಲೆಲ್ಲ ಉಗಿದರು. ನಾನೂ ಉಗಿದೆ.

ಆಪಾಳ ಬಲಗೈ ಅಂಗೈಯಲ್ಲಿ ಒಂದು ಗೆರೆಯೂ ಇರಲಿಲ್ಲ. ಆಯುಷ್ಯದ್ದು, ಸಂತಾನದ್ದು, ಯಾವುದೂ ಇಲ್ಲ. ಮಣೆಯ ಮೇಲೆ ಬತ್ತಿ ಹೊಸೆದು ಹೊಸೆದು ಎಲ್ಲ ಸವೆದು, ಕೈ ಹಳೇ ರುಬ್ಬುಗುಂಡಿನ ಹಾಗೆ ನುಣ್ಣಗಾಗಿತ್ತು. ಇದ್ದಿಲ ಕಪ್ಪು ಚರ್ಮದೊಳಕ್ಕೆ ಇಳಿದುಬಿಟ್ಟಿತ್ತು; ರಂಜಾನಿಗೆ ಮೆಹಂದಿ ಹಚ್ಚಿಕೊಂಡರೂ ಬಣ್ಣ ಕಾಣುತ್ತಿರಲಿಲ್ಲ. ಒಂದು ಸಲ ಕಣಿ ಹೇಳುವವಳು ಬೀದಿಗೆ ಬಂದಳು. ಆಪಾ ತಮಾಷೆಗೆ ಕೈ ಚಾಚಿದಳು. ಅವಳು ಆ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, ಬುಟ್ಟಿ ಎತ್ತಿಕೊಂಡಳು.

"ಯಾಕಮ್ಮಾ, ಸತ್ತೋಗಿದೀನಾ ನಾನು?" ಅಂದಳು ಆಪಾ. "ಸರಿಯಾಗಿ ನೋಡಿ ಹೇಳೋಗು. ಗುಂಡಿ ತೋಡೋರಿಗೆ ಹೇಳಿ ಕಳಿಸ್ತೀನಿ."

ನಾವೆಲ್ಲ ನಕ್ಕೆವು. ಕಣಿಯವಳು ಓಡಿದಳು.

ಮುಳಬಾಗಿಲಿನಲ್ಲಿ ಬಂಡೆ ಕೆಳಗಿನ ಬೀದಿ ನಮ್ಮದು. ಅರ್ಧ ಅವರ ಜನದ ಮನೆ, ಅರ್ಧ ನಮ್ಮ ಜನದ ಮನೆ, ನಲ್ಲಿ ಎಲ್ಲರಿಗೂ ಒಂದೇ. ಆಪಾ ಅಂದರೆ ಅವರ ಮಾತಿನಲ್ಲಿ ಅಕ್ಕ. ವಯಸ್ಸಾದವರೂ ಅವಳನ್ನು ಹಾಗೇ ಕರೆಯುತ್ತಿದ್ದರು. ಕೆಲಸ ಹೇಳುವುದು ಕನ್ನಡದಲ್ಲಿ, ಮನೆಯವರ ಜೊತೆ ಉರ್ದುವಿನಲ್ಲಿ, ಬೈಯುವುದು ಮಾತ್ರ ತೆಲುಗಿನಲ್ಲಿ. ತೆಲುಗಿನ ಬೈಗುಳ ಹಲ್ಲಿಗೆ ಸಿಕ್ಕಿಕೊಳ್ಳುವುದಿಲ್ಲ ಅನ್ನುತ್ತಿದ್ದಳು.

ಅವಳ ಗಂಡ ಬೆಂಗಳೂರಿನ ಒಂದು ಊದುಬತ್ತಿ ಕಂಪನಿಯಲ್ಲಿ ವ್ಯಾನು ಓಡಿಸುತ್ತಿದ್ದ. ಆ ಕಂಪನಿಯವರು ಅಲ್ಲೇ ಒಂದು ದೊಡ್ಡ ಹಾಲ್ ಮಾಡಿ, ಸಾಲಾಗಿ ಹೆಂಗಸರನ್ನು ಕೂರಿಸಿ ಬತ್ತಿ ಹೊಸೆಸುತ್ತಿದ್ದರು. ಒಂದು ಬೇಸಿಗೆಯಲ್ಲಿ ಹಾಲಿಗೆ ಬೀಗ ಬಿತ್ತು. ಆಪಾಳ ಗಂಡ ಇದ್ದಿಲ ಪುಡಿ, ಅಂಟಿನ ಪುಡಿ, ಬಿದಿರ ಕಡ್ಡಿ ಮೂಟೆ ಹೇರಿಕೊಂಡು ಬಂದು ನಮ್ಮ ಬೀದಿಯಲ್ಲಿ ಇಳಿಸಿದ. ಮನೆಯಲ್ಲೇ ಕೂತು ಹೊಸೆದು ಕೊಡಿ ಅಂದರು. ಹಾಲ್ ಬೇಡ, ಬಾಡಿಗೆ ಬೇಡ, ಸೂಪರ್‌ವೈಸರ್ ಬೇಡ. ನಮಗೂ ಒಲೆ ಮುಂದೆ ಅನ್ನ ನೋಡಿಕೊಂಡು, ತೊಟ್ಟಿಲು ತೂಗಿಕೊಂಡು ಮಾಡುವ ಕೆಲಸ. ಯಾಕೆ ಬೇಡ ಅನ್ನುತ್ತೇವೆ?

ನನ್ನ ಗಂಡ ಹೋಗಿ ಆಗ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ತಾಯಲೂರಿನಿಂದ ನಮ್ಮಣ್ಣ ಬಂದು, ಗಂಟು ಕಟ್ಟು, ಮಗುವನ್ನು ಎತ್ತಿಕೋ, ನಮ್ಮ ಮನೆಯಲ್ಲಿ ಇರು ಅಂದ. ಅಂದವನ ಮುಖ ಹಾಗಲಕಾಯಿ ತಿಂದ ಹಾಗಿತ್ತು. ಆಪಾ ಮೂಟೆ ಹೊರಿಸಿಕೊಂಡು ಬಂದು ನನ್ನ ಪಡಸಾಲೆಯಲ್ಲಿ ಹಾಕಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಂಗೆ ಇವಳು ಬೇಡ, ಅದು ನಿನ್ನ ಮೂತೀಲೇ ಬರ್ದೈತೆ. ನಂಗೆ ಬೇಕು. ಊಟ ಮಾಡ್ಕೊಂಡು ಸಾಯಂಕಾಲದ ಬಸ್ಸಿಗೆ ಹೊರಡಣ್ಣಾ."

ಅಣ್ಣ ಊಟ ಮಾಡಿಕೊಂಡು ಹೊರಟ. ಅವನ ಹೆಗಲು ಹಗುರಾದದ್ದು ಹಿಂದಿನಿಂದ ನೋಡಿದರೂ ಕಾಣುತ್ತಿತ್ತು. ಅಲ್ಲಿಂದ ಮುಂದೆ ನಾನು ಎಲೆ ಅಡಿಕೆಗೂ ಯಾರ ಮುಂದೆಯೂ ಕೈ ಒಡ್ಡಲಿಲ್ಲ. ಮಗನನ್ನು ಬೆಳೆಸಿದೆ, ಹೈವೇ ಪಕ್ಕ ಅವನಿಗೊಂದು ಪಂಕ್ಚರ್ ಅಂಗಡಿ ಹಾಕಿಸಿದೆ, ಸೊಸೆ ತಂದೆ. ಆಪಾ ಇಲ್ಲದಿದ್ದರೆ ತಾಯಲೂರಿನಲ್ಲಿ ಅತ್ತಿಗೆಯ ಹಸುವಿನ ಸಗಣಿ ಬಾಚುತ್ತಿದ್ದೆ. ಇದನ್ನು ಮರೆಯುವಷ್ಟು ನಾನು ಕೆಟ್ಟವಳಲ್ಲ. ಇದಕ್ಕಾಗಿ ಅವಳನ್ನು ದೇವರು ಮಾಡುವಷ್ಟು ಪೆದ್ದಿಯೂ ಅಲ್ಲ. ಅವಳಿಗೆ ಹೊಸೆಯುವ ಕೈ ಬೇಕಿತ್ತು, ನನ್ನ ಕೈ ಖಾಲಿ ಇತ್ತು.

ಕೆಲಸದಲ್ಲಿ ಅವಳು ರಾಕ್ಷಸಿ. ಕಟ್ಟು ತಂದುಕೊಟ್ಟರೆ ಕಣ್ಣಿನಿಂದ ನೋಡುತ್ತಿರಲಿಲ್ಲ, ಆ ನುಣುಪು ಅಂಗೈಯನ್ನು ಮೇಲಿಂದ ಕೆಳಗೆ ಒಮ್ಮೆ ಎಳೆಯುತ್ತಿದ್ದಳು. ಎಲ್ಲಾದರೂ ಗಂಟು ಸಿಕ್ಕರೆ ಆ ಬತ್ತಿಯನ್ನು ಹೊರಗೆಳೆದು, ಎಲ್ಲರೂ ನೋಡುವ ಹಾಗೆ ಎರಡು ತುಂಡು ಮಾಡಿ ಮಡಿಲಿಗೆ ಎಸೆಯುತ್ತಿದ್ದಳು. "ಇದು ದೇವ್ರ ಮುಂದೆ ಉರಿಯೋದು ಕಣೇ. ನಿನ್ನ ಗಂಡನ ಬೀಡಿ ಅಲ್ಲ, ಹೆಂಗಿದ್ರೂ ಸೇದೋಕೆ."

ಮೂಲೆಮನೆಯವಳು ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು: "ನಮ್ಮ ದೇವ್ರಿಗೆ ನಿಂಗ್ಯಾಕೆ ಆಪಾ ಇಷ್ಟು ಉರಿ?"

"ನಿಮ್ಮ ದೇವ್ರು ಕಣ್ಣು ಮುಚ್ಕೊಂಡು ತಗೊಳ್ತಾನೆ. ಕಂಪನಿಯೋರು ಮುಚ್ತಾರಾ?"

ಈ ಮೂಲೆಮನೆಯವಳು ನನ್ನ ಓರಗೆಯವಳೇ. ಬಾಯಿ ಜೋರು, ಕೈಯೂ ಚುರುಕು. ಅವಳ ಗಂಡ ಇದ್ದರೂ ಇಲ್ಲದವನು, ಕುಡಿದು ಬಿದ್ದಿರುತ್ತಿದ್ದ. ನಮ್ಮಿಬ್ಬರಿಗೂ ಹೊಟ್ಟೆಗೆ ಅದೇ ಬತ್ತಿ.

ಕೆಲಸ ಬಂದ ಹೊಸತರಲ್ಲಿ ಒಂದು ದಿನ ಒಬ್ಬ ಹೆಂಗಸು ಬಸ್ಸಿಳಿದು ನಮ್ಮ ಬೀದಿಗೆ ಬಂದಳು. ಪಟ್ಟಣದವಳು ಅಂತ ಚಪ್ಪಲಿಯಲ್ಲೇ ಗೊತ್ತಾಗುತ್ತಿತ್ತು. ಬೆಂಗಳೂರಿನ ಆ ಹಾಲಿನಲ್ಲಿ ಹೊಸೆಯುತ್ತಿದ್ದವಳಂತೆ. "ಇಲ್ಲೇನಾ ಈಗ ಹೊಸೆಯೋದು?" ಅಂತ ಕೇಳಿದಳು. ಜಗಲಿಯ ಮೇಲೆ ಕೂತಿದ್ದ ನಮ್ಮ ಕೈಗಳನ್ನೇ ನೋಡಿದಳು. "ನಾವು ಫ್ಯಾನು ಕೇಳಿದ್ವಿ. ಅಷ್ಟಕ್ಕೇ ಹಾಲಿಗೆ ಬೀಗ ಹಾಕಿದ್ರು" ಅಂದಳು. ಕುಡಿಯಲು ನೀರು ಕೇಳಿದಳು. ನಾವು ಯಾರೂ ಏಳಲಿಲ್ಲ. ಅವಳು ಬೀದಿಯ ಕೊನೆ ತಿರುಗುವ ಮೊದಲೇ ಮೂಲೆಮನೆಯವಳು ಜೋರಾಗಿ, "ಮಹಾರಾಣಿಗೆ ಫ್ಯಾನ್ ಬೇಕಂತೆ ಫ್ಯಾನು!" ಅಂದಳು. ಎಲ್ಲರೂ ನಕ್ಕೆವು. ಆಪಾ ನಗಲಿಲ್ಲ, ನೀರನ್ನೂ ಕೊಡಲಿಲ್ಲ. ಕಟ್ಟು ಕಟ್ಟುತ್ತಲೇ ಇದ್ದಳು.

ಹೀಗೆ ನಮ್ಮ ಕೂದಲು ಬೆಳ್ಳಗಾಗುವವರೆಗೆ ಹೊಸೆದೆವು. ಕೆಲವು ವರ್ಷದ ಹಿಂದೆ ಆಪಾ ಒಂದು ಕಟ್ಟು ತಂದು ನಲ್ಲಿ ಹತ್ತಿರ ಎಲ್ಲರಿಗೂ ತೋರಿಸಿದಳು. ಬತ್ತಿಗಳು ಅಣ್ಣತಮ್ಮಂದಿರ ಹಾಗಿರಲಿಲ್ಲ, ಒಂದೇ ಬತ್ತಿಯನ್ನು ಅಷ್ಟು ಸಲ ಹೆತ್ತ ಹಾಗಿದ್ದವು. ಎಲ್ಲೂ ಬೆರಳಿನ ಗುರುತಿಲ್ಲ.

"ವಿಯೆಟ್ನಾಮಿಂದ ಹಡಗಲ್ಲಿ ಬಂದಿರೋದು. ಅಲ್ಲಿಂದ ಇಲ್ಲಿಗೆ ತಂದ್ರೂ ನಿಮಗಿಂತ ಅಗ್ಗವಂತೆ. ತರ್ಸೋದಾ ಬೇಡ್ವಾ ಅಂತ ಯೋಚ್ನೆ ಮಾಡ್ತವ್ರೆ."

ಆಮೇಲೆ ಬೀದಿಯಲ್ಲಿ ಬೇರೆ ಮಾತೇ ಇರಲಿಲ್ಲ. ನನ್ನ ಮಗ ಅಂಗಡಿ ಮುಚ್ಚಿ ಬಂದು ಭಾಷಣ ಶುರುಮಾಡಿದ: ಹೊರಗಿನ ಮಾಲು ಬರುವುದನ್ನೇ ನಿಲ್ಲಿಸಬೇಕು, ದೇಶದ ದುಡ್ಡು ದೇಶದಲ್ಲೇ ಇರಬೇಕು. ಆಪಾ ಕೇಳಿದಳು, "ನಿನ್ನಂಗಡೀಲಿ ಗಾಳಿ ಹೊಡಿಯೋ ಪಂಪ್ ಮಾರ್ತೀಯಲ್ಲ ಮಗಾ, ಅದ್ಯಾವ ಊರ್ದು? ಮಾಲೂರ್ದಾ?" ಅವನು ಚೀನಾದ್ದು ಅನ್ನಲಾರದೆ ಕೈಕಾಲು ತೊಳೆಯಲು ಎದ್ದುಹೋದ.

ಮೊಮ್ಮಗಳು ಕೋಲಾರದಲ್ಲಿ ಬಿ.ಕಾಂ. ಓದುತ್ತಿದ್ದಳು. ಅವಳು ಹೇಳಿದಳು: "ಯಾವ ಕೆಲಸ ಎಲ್ಲಿ ಅಗ್ಗವಾಗಿ ಆಗುತ್ತೋ ಅಲ್ಲಿ ಮಾಡ್ಸಿದ್ರೆ ಎಲ್ರಿಗೂ ಲಾಭವಂತೆ ಅಜ್ಜಿ. ಕೆಲಸ ಬಿಟ್ಟೋರು ಇನ್ನೂ ಒಳ್ಳೇ ಕೆಲಸಕ್ಕೆ ಹೋಗ್ತಾರಂತೆ. ನಮ್ ಮೇಡಂ ಹೇಳಿದ್ರು."

"ಎಲ್ಲಿಗೆ ಹೋಗ್ತಾರಂತೆ?" ಅಂದೆ.

"ಅದು ಸಿಲಬಸ್ಸಲ್ಲಿ ಇಲ್ಲ."

"ಆ ಎಲ್ರಲ್ಲಿ ನಿಮ್ಮಜ್ಜಿ ಇದಾಳಾ ಅಂತ ನಾಳೆ ಕೇಳ್ಕೊಂಡು ಬಾ."

ಅವಳು ಕೇಳಲಿಲ್ಲ. ಪರೀಕ್ಷೆಯಲ್ಲಿ ಮಾತ್ರ ಎಲ್ಲರಿಗೂ ಲಾಭ ಅಂತಲೇ ಬರೆದು ಪಾಸಾದಳು.

ಮೂಲೆಮನೆಯವಳು ಸೆರಗು ಬಿಗಿದು ನಿಂತಳು. ಆಪಾ ಕಂಪನಿಯವರ ಜೊತೆ ಸೇರಿ ನಮ್ಮನ್ನು ಮಾರುತ್ತಿದ್ದಾಳೆ, ಆ ಕಟ್ಟು ತೋರಿಸಿ ಹೆದರಿಸಿ ರೇಟು ಇಳಿಸುವ ಆಟ ಇದು ಅಂದಳು. ಆಪಾ ಕೊಡ ಕೆಳಗಿಟ್ಟಳು.

"ಫ್ಯಾನ್ ಕೇಳಿದೋಳು ಬಂದಿದ್ಲಲ್ಲ, ನೆನಪೈತಾ? ಅವಳ ಬಾಯಿಂದ ತೆಗೆದು ನಿಮ್ಮ ಬಾಯಿಗೆ ಹಾಕ್ದಾಗ ಬೆಲ್ಲ ಇದ್ದಂಗಿತ್ತು. ಈಗ ನಿಮ್ಮ ಬಾಯಿಂದ ತೆಗೀತಾ ಅವ್ರೆ. ಆ ವಿಯೆಟ್ನಾಮೋಳೂ ನಿಮ್ಮಂಗೇ ಮನೇಲಿ ಒಬ್ಬಟ್ಟು ತಟ್ತಾ ಅವಳೆ. ಇದರಲ್ಲಿ ಅಳೋಕೆ ಏನೈತೆ? ಆವತ್ತು ನಗ್ತಿದ್ರಲ್ಲ, ನಗ್ರಿ."

ಯಾರೂ ನಗಲಿಲ್ಲ. ಆವತ್ತಿನಿಂದಲೇ ಉಗಿಯುವುದು ಶುರುವಾಯಿತು.

ಆಷಾಢ ಮುಗಿಯುತ್ತಿತ್ತು. ಶ್ರಾವಣ, ಗೌರಿ ಗಣೇಶ ಅಂದರೆ ಊದುಬತ್ತಿಗೆ ಸುಗ್ಗಿ. ಮೂಲೆಮನೆಯವಳು ಮನೆಮನೆಗೂ ಹೋಗಿ ಕಿವಿ ಊದಿದಳು: "ಹೊಸೀರಿ, ಆದ್ರೆ ಕೊಡಬೇಡ್ರಿ. ಹಬ್ಬದ ಮುಂದೆ ಬತ್ತಿ ಇಲ್ದೆ ಕಂಪನಿಯೋರು ಲಬೋಲಬೋ ಅಂತಾರೆ. ರೇಟು ಏರ್ಸಿದ್ಮೇಲೆ ಹೊರಗೆ ತೆಗೆಯೋಣ." ಬುದ್ಧಿವಂತಿಕೆಯ ಮಾತು ಅನ್ನಿಸಿತು. ಎಲ್ಲರೂ ಒಪ್ಪಿದೆವು. ಆಪಾ ಬಂದು ಕೇಳಿದರೆ ಜ್ವರ, ಮೈಕೈ ನೋವು, ಹೊಸೆಯಲು ಆಗಲಿಲ್ಲ ಅಂದೆವು.

ಹೊಸೆದ ಬತ್ತಿ ಒಣಗಬೇಕು. ಬೀದಿ ಹಿಂದಿನ ಬಂಡೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಜಾಗ, ತಲೆತಲಾಂತರದ ಹೊಲದ ಹಾಗೆ ಭಾಗ ಮಾಡಿಕೊಂಡಿದ್ದೆವು. ಆ ಬಂಡೆ ಆಪಾಳ ಮಾಳಿಗೆಗೆ ಚೆನ್ನಾಗಿ ಕಾಣುತ್ತದೆ. ಅಲ್ಲಿ ಹರಡಿದರೆ ಗುಟ್ಟು ರಟ್ಟು. ಅದಕ್ಕೆ ಹಸಿ ಬತ್ತಿಯನ್ನು ಕಟ್ಟು ಕಟ್ಟಿ ಮಂಚದ ಕೆಳಗೆ, ಅಟ್ಟದ ಮೇಲೆ, ರಾಗಿ ಡ್ರಮ್ಮಿನೊಳಗೆ ತುರುಕಿದೆವು. ಹೊರಗೆ ಜಡಿಮಳೆ. ಜನ್ಮವೆಲ್ಲ ಬತ್ತಿ ಹೊಸೆದ ಹೆಂಗಸರು ನಾವು. ಹಸಿ ಬತ್ತಿಯನ್ನು ಮುಚ್ಚಿಟ್ಟರೆ ಏನಾಗುತ್ತದೆ ಅನ್ನುವುದು ಒಬ್ಬಳ ತಲೆಗೂ ಹೊಳೆಯಲಿಲ್ಲ. ಕಂಪನಿಯವರು ಲಬೋಲಬೋ ಅನ್ನುವುದನ್ನು ನೆನೆಸಿಕೊಂಡು ಖುಷಿಯಾಗಿ ನಿದ್ದೆ ಮಾಡಿದೆವು.

ಆಪಾ ನನ್ನ ಮನೆಗೆ ಬಂದವಳು ಹೊಸಿಲಲ್ಲೇ ನಿಂತು ಮೂಗೆಳೆದಳು. ನೆಟ್ಟಗೆ ಹೋಗಿ ಬಗ್ಗಿ ಮಂಚದ ಕೆಳಗಿಂದ ಒಂದು ಕಟ್ಟು ಎಳೆದಳು. ಹಳೇ ನಿಂಬೆಹಣ್ಣಿನ ಮೇಲೆ ಬರುತ್ತದಲ್ಲ, ಹಾಗೆ ಬಿಳೀ ಬೂಷ್ಟು. ಅವಳು ಬೈಯಲಿಲ್ಲ. ಅದಕ್ಕೇ ಹೆದರಿಕೆಯಾಯಿತು. ಮನೆಮನೆಯಿಂದ ಎಲ್ಲವನ್ನೂ ತರಿಸಿ ಬಂಡೆಯ ಮೇಲೆ ಸುರಿಸಿದಳು. ಒಂದು ಬತ್ತಿ ಹಚ್ಚಿ ಮೂಲೆಮನೆಯವಳ ಮೂಗಿನ ಹತ್ತಿರ ಹಿಡಿದಳು. ನೆಂದ ನಾಯಿಯನ್ನು ಸುಟ್ಟ ಹಾಗೆ ನಾತ.

"ಮೂಸೇ. ಚೆನ್ನಾಗಿ ಮೂಸು. ನಿನ್ನ ಗೌರಮ್ಮನ ಮುಂದೆ ಇದನ್ನ ಹಚ್ಚು, ನಿನ್ನ ಬಾಗಿನಾನೂ ಬೇಡ ಅಂತ ಅವಳು ಕೈಲಾಸದಿಂದ ಇಳಿಯೋದೇ ಇಲ್ಲ."

ಮೂಲೆಮನೆಯವಳು ಕೆಮ್ಮುತ್ತ ಹಿಂದೆ ಸರಿದಳು. ಆಪಾ ಅವಳು ಸರಿದಷ್ಟೂ ಮುಂದೆ ಹೋದಳು. ಬಂಡೆಯ ಅಂಚು ಬಂದ ಮೇಲೆ ಬಿಟ್ಟಳು.

ಹಬ್ಬಕ್ಕೆ ಕಂಪನಿಯವರು ಹಡಗಿನ ಬತ್ತಿ ತರಿಸಿದರು. ತರಿಸಿದವರು ಮತ್ತೆ ನಮ್ಮ ಕಡೆ ತಿರುಗಲಿಲ್ಲ. ಬೂಷ್ಟು ಬರದಿದ್ದರೂ ಕೆಲಸ ಹೋಗುತ್ತಿತ್ತು, ಅದು ನನಗೆ ಗೊತ್ತು. ಸ್ವಲ್ಪ ತಡವಾಗಿ ಹೋಗುತ್ತಿತ್ತು. ಆಮೇಲೆ ಸರ್ಕಾರದವರು ಹೊರಗಿನ ಬತ್ತಿಗೆ ತಡೆ ಹಾಕಿದರಂತೆ. ಬೀದಿಯಲ್ಲಿ ಮತ್ತೆ ಆಸೆ ಹುಟ್ಟಿತು. ಅಷ್ಟರಲ್ಲಿ ಕಂಪನಿಯವರು ಹೊಸೆಯುವ ಮೆಷಿನ್ನೇ ತರಿಸಿಕೊಂಡಿದ್ದರು. ಮೆಷಿನ್ನಿಗೆ ಯಾವ ಸರ್ಕಾರದ ತಡೆ?

ಹೆಂಗಸರು ದಿಕ್ಕಿಗೊಬ್ಬರಾದರು. ಕೆಲವರು ಟೊಮೆಟೊ ಮಂಡಿಯಲ್ಲಿ ಹಣ್ಣು ಆರಿಸಲು ಹೋದರು. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಗೆ ಹೋದವರೂ ಇದ್ದರು. ಮಾಲೂರಿನ ಕಡೆಯ ಫ್ಯಾಕ್ಟರಿ ಬಸ್ಸು ನಮ್ಮ ಬೀದಿ ಬಾಯಲ್ಲೇ ನಿಲ್ಲುತ್ತದೆ, ಹುಡುಗಿಯರನ್ನು ಹತ್ತಿಸಿಕೊಂಡು ಹೋಗುತ್ತದೆ. ನಮ್ಮನ್ನು ನೋಡಿದರೆ ಡ್ರೈವರ್ ಹಾರ್ನ್ ಹೊಡೆದು ಪಕ್ಕಕ್ಕೆ ಸರಿಸುತ್ತಾನೆ.

ಒಂದು ಕೆಲಸ ಮಾತ್ರ ಊರಲ್ಲಿ ಉಳಿಯಿತು. ಮೆಷಿನ್ನಿನ ಬತ್ತಿಯನ್ನು ಸೆಂಟಿನಲ್ಲಿ ಅದ್ದಿ ಒಣಗಿಸಿ ಕಟ್ಟುವುದು. ಬೈಪಾಸ್ ಹತ್ತಿರ ಕಂಪನಿಯವರು ಒಂದು ಶೆಡ್ಡು ಹಾಕಿ, ಬೇಕಾದವರನ್ನು ಆರಿಸಿ ಕೂರಿಸಿಕೋ ಅಂತ ಆಪಾಳಿಗೆ ಹೇಳಿದರು. ಇಡೀ ಬೀದಿಯಲ್ಲಿ ಕೈಬೆರಳೆಣಿಕೆ ಜನ ಸಾಕು. ಉಗಿದವರೆಲ್ಲ ಅವಳ ಜಗಲಿಗೆ ಹೋಗಿ ಕೂತರು. ನಾನು ಹೋಗಲಿಲ್ಲ. ನನ್ನನ್ನು ಕರೆಯುತ್ತಾಳೆ, ಬಿಡುವುದಿಲ್ಲ ಅಂತ ಮನೆಯಲ್ಲೇ ಕಾದೆ. ಕರೆಯಲಿಲ್ಲ. ಕೊನೆಗೆ ನಾನೇ ಹೋದೆ.

"ನಿಂಗೆ ಮಗ ಅವನೆ" ಅಂದಳು. "ಹೋಗು."

"ಮಗನ ಕೈ ನೋಡ್ಕೊಂಡು ಬದುಕ್ಬಾರ್ದು ಅಂತಾನೇ ಅಲ್ವಾ ಆಪಾ ನೀನು ಆವತ್ತು ಮೂಟೆ ಹಾಕಿಸಿದ್ದು?"

"ಆವತ್ತು ನಿನ್ನ ಕೈ ಚೆನ್ನಾಗಿತ್ತು. ಈಗ ನಡುಗ್ತೈತೆ. ಸೆಂಟು ಚೆಲ್ಲಿದ್ರೆ ಯಾರು ಕಟ್ಟಿಕೊಡ್ತಾರೆ, ನಿಮ್ಮಣ್ಣನಾ?"

ಮೂಲೆಮನೆಯವಳನ್ನೂ ಸೇರಿಸಿಕೊಳ್ಳಲಿಲ್ಲ. ನಾವಿಬ್ಬರೂ ಒಟ್ಟಿಗೆ ವಾಪಸು ಬಂದೆವು. ದಾರಿಯುದ್ದಕ್ಕೂ ಆಪಾಳಿಗೆ ಹುಳ ಬೀಳಲಿ ಅಂದಳು. ನಾನು ಹೂಂ ಅಂದೆ.

ನನ್ನ ಸೊಸೆ ಕೆಟ್ಟವಳಲ್ಲ. ನಾನು ದುಡಿಯುವಾಗ ಕಾಫಿ ಬಿಸಿಬಿಸಿಯಾಗಿ ತಂದು ಕೈಗೆ ಕೊಡುತ್ತಿದ್ದಳು. ಕೆಲಸ ನಿಂತ ಮೇಲೆ ಎಲ್ಲರದ್ದೂ ಆದ ಮೇಲೆ ಮಿಕ್ಕಿದ್ದನ್ನು ತಂದು ಹತ್ತಿರದಲ್ಲಿ ಇಟ್ಟುಹೋಗುತ್ತಿದ್ದಳು. ಎಲೆ ಅಡಿಕೆ ತರಿಸು ಅಂದರೆ, "ಮೊನ್ನೆ ತಾನೆ ತಂದಿದ್ರಲ್ಲ ಅತ್ತೆ" ಅನ್ನುತ್ತಿದ್ದಳು. ಬೇರೇನೂ ಇಲ್ಲ. ಅಷ್ಟೇ. ಅಷ್ಟನ್ನು ದಿನಾ ತಿಂದರೆ ಅದೂ ಹೊಟ್ಟೆ ತುಂಬುತ್ತದೆ.

ಆಪಾಳ ಎದೆ ಕೆಟ್ಟಿತು. ಆಯಸ್ಸೆಲ್ಲ ಇದ್ದಿಲ ಪುಡಿ ಕುಡಿದ ಎದೆ, ಅದರ ಮೇಲೆ ಸೆಂಟಿನ ಘಾಟು. ಗಂಡ ಮೊದಲೇ ಹೋಗಿದ್ದ. ಶೆಡ್ಡಿಗೆ ಹೋಗುವುದು ನಿಂತಿತು ಅಂತ ಕೇಳಿದ ಮೇಲೆ ಒಂದು ಮಧ್ಯಾಹ್ನ ನೋಡಲು ಹೋದೆ. ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಕೋಳಿಯ ಹಾಗೆ ಕುತ್ತಿಗೆ ಎತ್ತಿ ಗಾಳಿ ಎಳೆಯುತ್ತಿದ್ದಳು.

"ಬಂದ್ಯಾ" ಅಂದಳು.

"ಹೆಂಗಿದೀಯ ಆಪಾ?"

"ಕಾಣಲ್ವಾ? ನನ್ನ ಜಾಗ ಖಾಲಿ ಆಗ್ತೈತಲ್ಲ, ಅದಕ್ಕೇ ತಾನೆ ಬಂದಿರೋದು?"

"ಮತ್ತೆ? ನಿನ್ನ ಮುಖ ನೋಡೋಕಾ?"

ಅವಳು ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಅವಳ ಸೊಸೆ ಬಂದು ಬೆನ್ನು ತಿಕ್ಕಿ, ನನ್ನನ್ನು ಕೆಂಡದ ಹಾಗೆ ನೋಡಿದಳು. ಉಸಿರು ಸ್ವಲ್ಪ ತಹಬಂದಿಗೆ ಬಂದ ಮೇಲೆ ಆಪಾ ಹೇಳಿದಳು:

"ತಡ ಮಾಡ್ದೆ ಕಣೇ. ಮೂಲೆಮನೆಯೋಳು ನಿನ್ನೇನೇ ಬಂದು ಹೋದ್ಲು. ಕಾಲು ಒತ್ತಿಕೊಟ್ಲು. ಅಳ್ತಾ ಒತ್ತಿದ್ಲು."

"ಕೊಡ್ತೀನಿ ಅಂದ್ಯಾ ಅವಳಿಗೆ?"

"ಕೊಡೋಕೆ ನಂದಾ? ಕಂಪನಿಯೋರ್ದು. ಅವರಿಗೆ ನೀನೂ ಒಂದೇ ಅವಳೂ ಒಂದೇ ನಾನೂ ಒಂದೇ. ಹೋಗು, ನಂಗೆ ಮಾತಾಡೋಕಾಗಲ್ಲ."

ಮಾತನಾಡಿದ್ದು ಅದೇ ಕಡೆ. ಎರಡು ದಿನ ಬಿಟ್ಟು ಬೆಳಗಾಗುವಾಗ ಹೋದಳು. ಮಧ್ಯಾಹ್ನದ ನಮಾಜು ಆದ ಮೇಲೆ ಎತ್ತಿದರು. ಬೀದಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. ಟೊಮೆಟೊ ಮಂಡಿಯಿಂದ ಕೆಲವರು ಕೂಲಿ ಬಿಟ್ಟು ಬಂದಿದ್ದರು. ಅವಳ ಮನೆ ಮುಂದೆ ಯಾರೂ ಉಗಿಯಲಿಲ್ಲ. ಮೂಲೆಮನೆಯವಳು ಹೊಟ್ಟೆ ಬಡಿದುಕೊಂಡು ಅತ್ತಳು, ನಿಜವಾಗಿಯೇ ಅತ್ತಳು. ನನಗೆ ಅಳು ಬರಲಿಲ್ಲ. ಗಂಡ ಹೋದಾಗ ಅತ್ತಿದ್ದೆ, ಅದರಿಂದ ಏನೂ ಹುಟ್ಟಲಿಲ್ಲ ಅನ್ನುವುದು ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಸೊಸೆ ಏಳುವ ಮುಂಚೆ ತಣ್ಣೀರು ಹುಯ್ದುಕೊಂಡು ಬೈಪಾಸಿನ ಶೆಡ್ಡಿಗೆ ಹೋದೆ. ಮೂಲೆಮನೆಯವಳು ನನಗಿಂತ ಮೊದಲೇ ಬಂದು ಬಾಗಿಲ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದಳು. ಕಣ್ಣು ಇನ್ನೂ ಊದಿಕೊಂಡಿತ್ತು. ವ್ಯಾನು ಬಂತು. ಕಂಪನಿಯ ಸೂಪರ್‌ವೈಸರ್ ಇಳಿದು ನಮ್ಮಿಬ್ಬರನ್ನು ನೋಡಿದ.

"ಒಂದೇ ಜಾಗ ಇರೋದಮ್ಮ. ಯಾರು ಮೊದ್ಲು ಬಂದಿದ್ದು?"

"ನಾನು ಸಾರ್" ಅಂತ ಎದ್ದಳು ಅವಳು.

"ಅವಳಿಗೆ ಕೊಡೋದಕ್ಕಿಂತ ಕಮ್ಮಿ ಕೊಡಿ" ಅಂದೆ ನಾನು. "ನಾನು ಮಾಡ್ತೀನಿ."

ಅವಳು ನನ್ನ ಕಡೆ ತಿರುಗಿ ನೋಡಿದಳು. "ಅಷ್ಟಕ್ಕೇ ನಾನೂ ಮಾಡ್ತೀನಿ ಸಾರ್, ಟೀ ಕಾಸೂ ಬೇಡ" ಅಂದಳು.

"ಭಾನುವಾರಾನೂ ಬರ್ತೀನಿ" ಅಂದೆ. "ಅದಕ್ಕೆ ಏನೂ ಬೇಡ."

ಅವಳಿಗೆ ಭಾನುವಾರ ಆಗುವುದಿಲ್ಲ. ಮಿಕ್ಕ ದಿನಕ್ಕಿಂತ ಹೆಚ್ಚು ಕುಡಿದು ಬೀಳುವ ಗಂಡನನ್ನು ಆವತ್ತು ಮನೆಯಲ್ಲಿ ಬಿಟ್ಟು ಬರುವ ಹಾಗಿಲ್ಲ. ಅದು ಬೀದಿಗೆಲ್ಲ ಗೊತ್ತು, ನನಗೂ ಗೊತ್ತು.

ಸೂಪರ್‌ವೈಸರ್ ಒಂದು ಗಳಿಗೆ ಯೋಚಿಸಿದ. ಶೆಡ್ಡಿನೊಳಕ್ಕೆ ತಲೆ ಹಾಕಿ, ಕೂತಿದ್ದ ಹೆಂಗಸರಿಗೆ ಕೇಳುವ ಹಾಗೆ ಹೇಳಿದ: "ಈ ಅಜ್ಜಿ ಕಮ್ಮಿಗೆ ಒಪ್ಕೊಂಡಿದಾರೆ. ಇನ್ನು ಮುಂದೆ ಎಲ್ರಿಗೂ ಇದೇ ರೇಟು."

ಒಳಗಿದ್ದ ಹೆಂಗಸರು ಅದ್ದುವ ಕೈ ನಿಲ್ಲಿಸಿ ನನ್ನನ್ನು ನೋಡಿದರು. ಯಾರೂ ಜಾಗ ಬಿಡಲಿಲ್ಲ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕೈಯಿಂದ ಒತ್ತರಿಸಿಕೊಂಡು ನಡುವೆ ಕೂತು, ಮೊದಲ ಕಟ್ಟು ಬಿಚ್ಚಿದೆ.